ಪುಟಕ್ಕೆ ಬಾಯಿ ಬಂದ ಬಗೆ

ಉಡುಪಿ ಜಿಲ್ಲೆಯ ಬಿಜೂರಿನಲ್ಲಿ ಹೆದ್ದಾರಿ ಬದಿಗೆ ನಿಂತಿದ್ದೀರಿ. 2000ನೇ ಇಸವಿಯ ಏಪ್ರಿಲ್. ರಸ್ತೆಗೆ ಇನ್ನೂ 17ನೇ ನಂಬರು. ಎದುರುಬದುರು ಎರಡು ಲಾರಿ ಬಂದರೆ ಒಂದು ಮಣ್ಣಿಗೆ ಇಳಿಯುತ್ತದೆ, ಕೆಂಪು ಧೂಳು ನಿಮ್ಮ ಬಿಳಿ ಪಂಚೆಯ ಮೇಲೆ ಕೂರುತ್ತದೆ. ದೂರದಲ್ಲಿ ರೈಲು ಹೋಗುವ ಸದ್ದು. ಆ ಕೊಂಕಣ ರೈಲಿನ ಹಳಿಗಳ ಮೇಲೆ ಮುಂಬೈ ಕಡೆಯಿಂದ ಮಂಗಳೂರಿನವರೆಗೆ ಪೂರ್ತಿ ಓಡಾಟ ಶುರುವಾದದ್ದು 1998ರ ಜನವರಿ 26ರಂದು. ಅದಕ್ಕೂ ಮೊದಲು ಮುಂಬೈಯ ಹೋಟೆಲಿಗೆ ಹೋದವರು ಊರಿಗೆ ಬರಬೇಕೆಂದರೆ ಘಟ್ಟ ಹತ್ತಿ ಇಳಿಯುವ ಬಸ್ಸೇ ಗತಿ. ಈಗ ಬೆಳಿಗ್ಗೆ ಎದ್ದರೆ ಸ್ಟೇಷನ್ ಹತ್ತಿರದಲ್ಲೇ ಇದೆ. ಊರು ಒಂದು ಸಲ ಹೊರಗಿನ ಲೋಕಕ್ಕೆ ಹತ್ತಿರವಾಗಿದೆ. ಇನ್ನೊಂದು ಸಲ ಹತ್ತಿರವಾಗುವುದರ ಚೀಟಿ ನಿಮ್ಮ ಅಂಗಿಯ ಕಿಸೆಯಲ್ಲಿದೆ.

ಅಮೆರಿಕದಲ್ಲಿರುವ ಸೋದರಮಾವನ ಮಗ ಬರೆದ ಏರೋಗ್ರಾಂ ಅದು. ಕ್ಷೇಮ ಸಮಾಚಾರ, ಅಲ್ಲಿಯ ಚಳಿ, ಮಕ್ಕಳ ಶಾಲೆ ಎಲ್ಲ ಮುಗಿದ ಮೇಲೆ ಕೊನೆಯಲ್ಲಿ ಒಂದು ಸಾಲು ಬರೆದಿದ್ದಾನೆ: ಕನ್ನಡ ಈಗ ಇಂಟರ್‌ನೆಟ್ಟಿನಲ್ಲೂ ಓದಲು ಸಿಗುತ್ತದೆ, ವಿಶ್ವಕನ್ನಡ ಡಾಟ್ ಕಾಂ ಅಂತ ಹಾಕಿ ನೋಡು. ಸಮುದ್ರ ದಾಟಿ ವಾರಗಟ್ಟಲೆ ಪ್ರಯಾಣ ಮಾಡಿ ಬಂದ ಕಾಗದದಲ್ಲಿ, ಕ್ಷಣಾರ್ಧದಲ್ಲಿ ತಲುಪಬಹುದಾದ ಒಂದು ವಿಳಾಸ.

ಬಸ್ಸು ಬಂತು. "ಬೈಂದೂರ್, ಬೈಂದೂರ್... ಹ್ವಾಯ್, ಮುಂದ್ ಹೋಯ್ನಿ." ಮೀನಿನ ಬುಟ್ಟಿ, ಶಾಲೆಯ ಚೀಲ, ಕೊಲ್ಲೂರಿಗೆ ಹೊರಟ ಕೇರಳದ ಭಕ್ತರ ನಡುವೆ ನುಸುಳಿ ನಿಂತಿರಿ. ಬೈಂದೂರಿನಲ್ಲಿ ಇಳಿದು, ಕಟ್ಟಡವೊಂದರ ಪಕ್ಕದ ಕಿರಿದಾದ ಮೆಟ್ಟಿಲು ಹತ್ತಿದರೆ ಎಸ್‌ಟಿಡಿ ಬೂತು, ಜೆರಾಕ್ಸು, ಕಂಪ್ಯೂಟರ್ ಕ್ಲಾಸು, ಎಲ್ಲ ಒಂದೇ ಕೋಣೆಯಲ್ಲಿ. ಯಜಮಾನರು ಪ್ಲಾಸ್ಟಿಕ್ ಕುರ್ಚಿ ಎಳೆದರು.

"ಕೂಕಣಿ. ಎಂತ ಕಾಣ್ಕ್ ನಿಮ್ಗೆ?"

ಏರೋಗ್ರಾಂ ತೋರಿಸಿದಿರಿ. ಅವರು ಓದಿ, ತಲೆ ಕೆರೆದು, ಫೋನಿನ ಲೈನನ್ನು ಮೋಡೆಮ್ಮಿಗೆ ಸಿಕ್ಕಿಸಿದರು. ಇನ್ನು ಬೂತಿಗೆ ಫೋನು ಮಾಡಲು ಬಂದವರು ಕಾಯಬೇಕು. ಡಯಲ್ ಟೋನು, ಆಮೇಲೆ ಕಿರ್ರೋ ಎಂಬ ಗದ್ದಲ, ಮಧ್ಯೆ ಎರಡು ಗಂಟೆ ಬಾರಿಸಿದ ಹಾಗೆ, ಕೊನೆಗೆ ಸ್ತಬ್ಧ. ಕರೆಂಟು ಇದೆ, ಲೈನು ಸಿಕ್ಕಿದೆ. ನಮ್ಮ ದೇಶದಲ್ಲಿ ಸಾಮಾನ್ಯ ಜನರಿಗೆ ವಿಎಸ್‌ಎನ್‌ಎಲ್ ಇಂಟರ್‌ನೆಟ್ ತೆರೆದದ್ದು 1995ರ ಆಗಸ್ಟ್ 15ರಂದು. ಅದು ಮಹಾನಗರಗಳನ್ನು ದಾಟಿ ಈ ಮೆಟ್ಟಿಲು ಹತ್ತಲು ಇಷ್ಟು ಕಾಲ ಹಿಡಿಯಿತು. ಪರದೆಯ ಮೇಲೆ ಬಿಳಿ ಹಾಳೆ ಮೂಡುತ್ತಿದೆ. ಮೊದಲು ಮೇಲಿನ ಒಂದು ಪಟ್ಟಿ, ಆಮೇಲೆ ಚಿತ್ರದ ಅರ್ಧ, ಆಮೇಲೆ ಇನ್ನರ್ಧ. ಗಂಟೆಗೆ ಇಷ್ಟು ರೂಪಾಯಿ ಎಂಬ ಬೋರ್ಡನ್ನು ನೀವು ಓರೆಗಣ್ಣಿನಲ್ಲಿ ನೋಡುತ್ತಿದ್ದೀರಿ.

ಪುಟ ಬಂತು. ಕನ್ನಡ ಬರಲಿಲ್ಲ. ಟೊಪ್ಪಿ ಹಾಕಿದ ಎ, ಬಾಲ ಬಂದ ಸಿ, ನಡುನಡುವೆ ಪೌಂಡಿನ ಗುರುತು. "ಎಂತ ಬರ್ದದ್ದ್ ಇದ್?" ಎಂದು ಹಿಂದಿನಿಂದ ಯಾರೋ ಬಗ್ಗಿ ಕೇಳಿದರು. ಯಜಮಾನರಿಗೆ ರೋಗ ಗೊತ್ತು. "ತಡೀನಿ, ಫಾಂಟ್ ಹಾಕ್ಕ್." ಇನ್ನೊಂದಷ್ಟು ಕಾಯುವಿಕೆ. ಪುಟವನ್ನು ಮತ್ತೊಮ್ಮೆ ತರಿಸಿದರು. ಈ ಸಲ ಟೊಪ್ಪಿಯ ಎಗಳೆಲ್ಲ ಮಾಯವಾಗಿ ಅದೇ ಜಾಗದಲ್ಲಿ ಕನ್ನಡ ಎದ್ದು ಕೂತಿತು, ದುಂಡಗೆ. ಹಿಂದೆ ಬಗ್ಗಿದ್ದವರು "ಹ್ವಾಯ್, ಕಾಣಿ ಕಾಣಿ" ಎಂದು ಇನ್ನೊಬ್ಬರನ್ನು ಕರೆದರು.

ನೀವು ಓದುತ್ತಿರುವುದು ಡಾ. ಯು. ಬಿ. ಪವನಜ ಅವರು 1996ರಲ್ಲಿ ಶುರು ಮಾಡಿದ ಪತ್ರಿಕೆ. ಅಂತರಜಾಲದಲ್ಲಿ ಕನ್ನಡದ ಮೊದಲ ಪತ್ರಿಕೆ. ಲೇಖನ, ಕತೆ, ಕೊಂಡಿಗಳ ಪಟ್ಟಿ. ಅಡಿಗೆರೆ ಹಾಕಿದ ನೀಲಿ ಅಕ್ಷರ ಒತ್ತಿದರೆ ಇನ್ನೊಂದು ಪುಟ. ಅಲ್ಲಿಗೆ ಮುಗಿಯಿತು. ಅಮೆರಿಕದ ಭಾವ ನೋಡಿದ್ದೂ ಇದನ್ನೇ, ಬೈಂದೂರಿನ ನೀವು ನೋಡುತ್ತಿರುವುದೂ ಇದನ್ನೇ, ಒಂದು ಅಕ್ಷರ ಆಚೀಚೆ ಇಲ್ಲ. ಎಲ್ಲೋ ಒಂದು ಕಂಪ್ಯೂಟರಿನಲ್ಲಿ ಒಂದು ಕಡತ ಇದೆ. ಕೇಳಿದವರಿಗೆಲ್ಲ ಅದರ ನಕಲು ಕಳಿಸುತ್ತದೆ. ಕಳಿಸಿದ ಕೂಡಲೇ ಕೇಳಿದವರು ಯಾರೆಂಬುದನ್ನು ಮರೆತುಬಿಡುತ್ತದೆ. ಅಂಥ ಪುಟಗಳ ಮಟ್ಟಿಗೆ ಜಾಲವೆಂದರೆ ಇಷ್ಟೇ.

ಹುಟ್ಟಿದಾಗಲೇ ಹೀಗಿತ್ತೆಂದು ತಿಳಿಯಬೇಡಿ. ಜಿನೀವಾದ ಸರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್-ಲೀ 1990ರ ಕೊನೆಗೆ ಬರೆದ ಮೊದಲ ಬ್ರೌಸರಿನಲ್ಲಿ ಪುಟವನ್ನು ಓದಲೂ ಬರುತ್ತಿತ್ತು, ಅಲ್ಲೇ ತಿದ್ದಲೂ ಬರುತ್ತಿತ್ತು. ಓದುವವನೇ ಬರೆಯುವವನೂ ಆಗಿರಲಿ ಎಂಬುದು ಅವರ ಎಣಿಕೆ. ಆದರೆ ಅದು ಓಡುತ್ತಿದ್ದದ್ದು ನೆಕ್ಸ್ಟ್ ಎಂಬ ದುಬಾರಿ ಯಂತ್ರದಲ್ಲಿ ಮಾತ್ರ. 1993ರ ಏಪ್ರಿಲ್ 30ರಂದು ಸರ್ನ್ ತನ್ನ ಹಕ್ಕು ಬಿಟ್ಟುಕೊಟ್ಟು ಜಾಲವನ್ನು ಎಲ್ಲರಿಗೂ ಪುಕ್ಕಟೆ ಮಾಡಿತು, ಅದೇ ವರ್ಷ ಮೊಸಾಯಿಕ್ ಎಂಬ ಬ್ರೌಸರು ಚಿತ್ರಗಳನ್ನೂ ತೋರಿಸುತ್ತ ಲೋಕವೆಲ್ಲ ಹರಡಿತು. ಅದರಲ್ಲಿ ಪುಟವನ್ನು ಓದಬಹುದು, ತಿದ್ದುವಂತಿಲ್ಲ. ಬೈಂದೂರಿನ ಪರದೆಗೆ ತಲುಪಿದ್ದು ಜಾಲದ ಈ ಅರ್ಧಾಂಶ.

ನಿಮಗೆ ಉತ್ತರ ಬರೆಯಬೇಕೆನಿಸುತ್ತದೆ. ಪುಟದ ಅಡಿಯಲ್ಲಿ ಸಂಪಾದಕರ ಇಮೇಲ್ ವಿಳಾಸ ಇದೆ. ನಿಮಗೆ ಇಮೇಲ್ ಇಲ್ಲ. ಯಜಮಾನರು ತಮ್ಮ ಹಾಟ್‌ಮೇಲ್ ತೆರೆದು ಕೊಟ್ಟರು. ಬರೆಯಬೇಕಾದ್ದು ಕನ್ನಡ, ಕೈಗೆ ಸಿಗುವುದು ಇಂಗ್ಲಿಷ್ ಕೀಲಿಗಳು. "ನಾನು ಬಿಜೂರಿನವ" ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒಂದೊಂದೇ ಹುಡುಕಿ ಕುಟ್ಟಿದಿರಿ. ಓದುವಾಗ ಇದ್ದ ಕನ್ನಡ ಉತ್ತರ ಕೊಡುವಾಗ ಇಲ್ಲ. ಸಮಯ ಮುಗಿಯಿತು, ಬೂತಿನ ಹೊರಗೆ ದುಬೈಗೆ ಫೋನು ಮಾಡಬೇಕಾದವರು ಕೆಮ್ಮುತ್ತಿದ್ದಾರೆ.

* * *

ಈಗ ಕುಂದಾಪುರಕ್ಕೆ ಬನ್ನಿ, 2002ಕ್ಕೆ. ಬೈಂದೂರು ತಾಲೂಕು ಇನ್ನೂ ಆಗಿಲ್ಲ. ಬಿಜೂರಿನವರ ಜಾಗದ ಕಾಗದಪತ್ರಕ್ಕೆಲ್ಲ ಕುಂದಾಪುರವೇ. ನಾಗೂರು, ಕಿರಿಮಂಜೇಶ್ವರ, ನಾವುಂದ ದಾಟಿ, ಮರವಂತೆಯಲ್ಲಿ ಬಲಕ್ಕೆ ಸಮುದ್ರ ಎಡಕ್ಕೆ ಸೌಪರ್ಣಿಕಾ ನೋಡಿ, ತ್ರಾಸಿ, ಹೆಮ್ಮಾಡಿ, ತಲ್ಲೂರು ಕಳೆದು ತಾಲೂಕು ಕಚೇರಿಯ ಕ್ಯೂನಲ್ಲಿ ನಿಂತಿದ್ದೀರಿ. ನಿಮ್ಮ ಮುಂದೆ ಒಬ್ಬ ಅಜ್ಜಯ್ಯ. ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ಮಡಿಕೆ ಹರಿದ ಹಳೆಯ ಆರ್‌ಟಿಸಿ, ಭೂ ಮಸೂದೆಯ ಕಾಲದ ಡಿಕ್ಲರೇಶನ್ನಿನ ಕಾಗದ.

ಕಿಟಕಿಯ ಆಚೆ ಕಂಪ್ಯೂಟರು. ವಿಶೇಷವೆಂದರೆ ಒಂದಲ್ಲ, ಎರಡು ಪರದೆ. ಒಂದು ಸಿಬ್ಬಂದಿಯ ಕಡೆಗೆ, ಇನ್ನೊಂದು ನಿಮ್ಮ ಕಡೆಗೆ ತಿರುಗಿದೆ. ಅವರು ಸರ್ವೆ ನಂಬರು ಒತ್ತಿದ್ದು ನಿಮಗೂ ಕಾಣುತ್ತದೆ. ಅಜ್ಜಯ್ಯ ಕನ್ನಡಕ ಸರಿಮಾಡಿಕೊಂಡು ಮೂಗನ್ನು ಗಾಜಿಗೆ ತಾಗಿಸಿದರು. "ನನ್ನ್ ಹೆಸ್ರ್ ಸಮಾ ಇತ್ತಾ?" ಹೆಸರು ಇದೆ, ಇನಿಶಿಯಲ್ ತಪ್ಪಿದೆ. ಅದನ್ನು ತಿದ್ದಿಸಲು ಬೇರೆ ಅರ್ಜಿ, ಬೇರೆ ದಿನ. ಆದರೂ ಅವರು ಪರದೆಯನ್ನೇ ನೋಡುತ್ತ ನಿಂತರು. ಇಷ್ಟು ವರ್ಷ ಯಾರದೋ ಬೀರುವಿನಲ್ಲಿ, ಯಾರದೋ ಕೈಬರಹದಲ್ಲಿ ಇದ್ದ ತಮ್ಮ ಜಾಗವನ್ನು ಅವರು ಕಣ್ಣಾರೆ ನೋಡುತ್ತಿರುವುದು ಇದೇ ಮೊದಲು. ಮುದ್ರಣದ ಸದ್ದು, 15 ರೂಪಾಯಿ, ಕೈಗೆ ಹಾಳೆ.

ಇದು ಭೂಮಿ ಯೋಜನೆ. ರಾಜೀವ್ ಚಾವ್ಲಾ ಎಂಬ ಐಎಎಸ್ ಅಧಿಕಾರಿಯ ಮುಂದಾಳತ್ವದಲ್ಲಿ ರಾಜ್ಯದ 177 ತಾಲೂಕುಗಳ ಸುಮಾರು 2 ಕೋಟಿ ದಾಖಲೆಗಳನ್ನು, 67 ಲಕ್ಷ ರೈತರ ಹೆಸರುಗಳನ್ನು ಗಣಕಕ್ಕೆ ಏರಿಸಿದ ಕೆಲಸ. ಆಗ ಇದು ಜಾಲದ ಮೇಲಿರಲಿಲ್ಲ, ತಾಲೂಕು ಕಚೇರಿಯ ಗೋಡೆಯೊಳಗೇ ಇತ್ತು. ಆದರೂ ಇಲ್ಲಿಗೆ ನಿಮ್ಮನ್ನು ಕರೆತಂದ ಕಾರಣ ಇದೆ. ಬೈಂದೂರಿನಲ್ಲಿ ನೀವು ನೋಡಿದ ಪುಟ ಮೊದಲೇ ಬರೆದಿಟ್ಟದ್ದು. ಅಜ್ಜಯ್ಯನ ಕೈಗೆ ಬಂದ ಹೊಸ ಹಾಳೆ ಗಣಕದೊಳಗೆ ಮೊದಲು ಎಲ್ಲೂ ಹಾಳೆಯಾಗಿ ಇರಲೇ ಇಲ್ಲ. ಹೆಸರು ಒಂದು ಕಡೆ, ಸರ್ವೆ ನಂಬರು ಒಂದು ಕಡೆ, ಬೆಳೆ ಇನ್ನೊಂದು ಕಡೆ. ಅವರು ಕೇಳಿದ ಆ ಗಳಿಗೆಯಲ್ಲಿ ಎಲ್ಲ ಕೂಡಿ ಅವರಿಗಾಗಿ ಒಂದು ಹಾಳೆ ತಯಾರಾಯಿತು. ಲೋಕದ ಜಾಲ ಅದೇ ಹೊತ್ತಿಗೆ ಈ ವಿದ್ಯೆ ಕಲಿಯುತ್ತಿತ್ತು. ರಾಸ್ಮಸ್ ಲೆರ್ಡಾರ್ಫ್ ತಮ್ಮ ಸ್ವಂತ ಪುಟಕ್ಕಾಗಿ ಮಾಡಿಕೊಂಡು 1995ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ ಪಿಎಚ್‌ಪಿ ಎಂಬ ಸಣ್ಣ ಸಲಕರಣೆ ಹರಡಿ, ಊರೂರಿನ ವೆಬ್‌ಸೈಟುಗಳು ಕಡತಗಳನ್ನು ಬಿಟ್ಟು ದತ್ತಾಂಶಕ್ಕೆ ಹಾರಿದವು. ಅದಕ್ಕೂ ಒಂದು ವರ್ಷ ಮೊದಲು ನೆಟ್‌ಸ್ಕೇಪಿನ ಲೂ ಮಾಂಟುಲಿ ಕುಕೀ ಎಂಬ ಗುರುತುಚೀಟಿ ಕಂಡುಹಿಡಿದಿದ್ದರು. ಕಳಿಸಿದ ಕೂಡಲೇ ಮರೆಯುತ್ತಿದ್ದ ಸರ್ವರು ಇದರಿಂದ ನಿಮ್ಮನ್ನು ನೆನಪಿಟ್ಟುಕೊಳ್ಳಲು ಕಲಿಯಿತು. ಪುಟ ನಿಮ್ಮನ್ನು ಗುರುತಿಸುತ್ತದೆ, ನಿಮಗೆಂದೇ ತಯಾರಾಗುತ್ತದೆ. ಇದರ ಸುಖವನ್ನು ಅಜ್ಜಯ್ಯ ಅಂದೇ ಕಂಡರು. ಕಷ್ಟ ಕಾಣಲು ನಮಗೆ ಇನ್ನೂ ಹದಿನೈದು ವರ್ಷ ಬೇಕಾಯಿತು.

* * *

2006. ಬೆಂಗಳೂರು. ಬಿಜೂರಿನ ಹುಡುಗ ನೀವೀಗ, ಊರಿನವರದೇ ಹೋಟೆಲಿನ ಗಲ್ಲೆಯಲ್ಲಿ ಕೂರುವವರು. ರಾತ್ರಿ ಶಟರ್ ಎಳೆದ ಮೇಲೆ ಪಕ್ಕದ ಬೀದಿಯ ಸೈಬರಿಗೆ ಹೋಗುತ್ತೀರಿ. ಬಾಗಿಲಲ್ಲೇ ರಿಜಿಸ್ಟರು: ಹೆಸರು, ವಿಳಾಸ, ಬಂದ ಸಮಯ. 2004ರಲ್ಲಿ ರಾಜ್ಯ ಸರಕಾರ ಮಾಡಿದ ನಿಯಮ. ಪ್ಲೈವುಡ್ಡಿನ ಗೂಡೊಳಗೆ ಕೂತು ಆರ್ಕುಟ್ ತೆರೆಯುತ್ತೀರಿ. ಗೂಗಲ್‌ನಲ್ಲಿದ್ದ ಟರ್ಕಿ ಮೂಲದ ಎಂಜಿನಿಯರೊಬ್ಬರು 2004ರ ಜನವರಿಯಲ್ಲಿ ತಮ್ಮ ಹೆಸರನ್ನೇ ಇಟ್ಟು ತೆರೆದ ತಾಣ. ಅಮೆರಿಕದವರಿಗಿಂತ ಬ್ರೆಜಿಲಿನವರೂ ನಾವೂ ಮುಗಿಬಿದ್ದೆವು. ಸೈಟು ಭಾರಕ್ಕೆ ಕುಸಿದಾಗ, ಕೆಟ್ಟ ಸರ್ವರ್, ನಿನಗೆ ಡೋನಟ್ ಇಲ್ಲ ಎಂಬರ್ಥದ ಬೈಗುಳ ಪರದೆಯ ಮೇಲೆ ಬರುತ್ತಿತ್ತು. ಹೋಟೆಲಿನಲ್ಲಿ ದಿನವಿಡೀ ಸರ್ವರುಗಳ ನಡುವೆ ಇರುವ ನೀವು ನಗುತ್ತೀರಿ.

ಊರಿನ ಹೆಸರಿನ ಕಮ್ಯುನಿಟಿಗೆ ಸೇರಿದ್ದೀರಿ. ಶಾಲೆಯಲ್ಲಿ ಒಟ್ಟಿಗೆ ಓದಿದವರು ಒಬ್ಬೊಬ್ಬರಾಗಿ ಸಿಗುತ್ತಿದ್ದಾರೆ. ಒಬ್ಬ ಅಂಧೇರಿಯಲ್ಲಿ, ಒಬ್ಬ ಬಹರೈನಿನಲ್ಲಿ. ನಿಮ್ಮ ಸ್ಕ್ರ್ಯಾಪ್‌ಬುಕ್ಕಿನಲ್ಲಿ ಒಂದು ಸ್ಕ್ರ್ಯಾಪು: "ಹ್ಯಾಂಗಿದ್ದೆ ಮಾರಾಯಾ, ಊರಿಗ್ ಯಾವಾಗ?" ಅದೂ ಇಂಗ್ಲಿಷ್ ಅಕ್ಷರದಲ್ಲೇ. ನೀವೂ ಇಂಗ್ಲಿಷ್ ಅಕ್ಷರದಲ್ಲೇ ಮಾರುತ್ತರ ಕುಟ್ಟುತ್ತೀರಿ: ಕೊಡಿಹಬ್ಬಕ್ಕೆ.

ಗಮನಿಸಿ, ಜೀಮೇಲಿನಲ್ಲಿ ಒಂದು ಪತ್ರ ತೆರೆದರೆ ಪರದೆ ಮೊದಲಿನಂತೆ ಪೂರ್ತಿ ಬಿಳಿಯಾಗುವುದಿಲ್ಲ. ಗೂಗಲ್ ನಕಾಶೆಯನ್ನು ಇಲಿಯಿಂದ ಹಿಡಿದು ಎಳೆದರೆ ಕರಾವಳಿ ಜಾರುತ್ತ ಬರುತ್ತದೆ, ಉಡುಪಿ, ಕುಂದಾಪುರ, ಮೇಲೆ ಮೇಲೆ ಭಟ್ಕಳ. ಬೈಂದೂರಿನ ಆ ಕೋಣೆಯಲ್ಲಿ ಏನು ಒತ್ತಿದರೂ ಪುಟವೇ ಹೋಗಿ ಪುಟವೇ ಬರಬೇಕಿತ್ತು. ಊಟಕ್ಕೆ ಕೂತವರು ಇನ್ನೊಂದು ಸೌಟು ಸಾರು ಕೇಳಿದರೆ ಬಡಿಸುವವನು ಎಲೆಯನ್ನೇ ಎತ್ತಿ ಬಿಸಾಡಿ, ಹೊಸ ಎಲೆ ಹಾಕಿ, ಉಪ್ಪಿನಕಾಯಿಯಿಂದ ಮತ್ತೆ ಶುರು ಮಾಡಿದ ಹಾಗೆ. ಈಗ ಎಲೆ ಇದ್ದಲ್ಲೇ ಇದೆ, ಸಾರು ಮಾತ್ರ ಬರುತ್ತದೆ. ಪುಟದೊಳಗೇ ಓಡುವ ಜಾವಾಸ್ಕ್ರಿಪ್ಟ್ ಭಾಷೆಯನ್ನು ಬ್ರೆಂಡನ್ ಐಕ್ 1995ರಲ್ಲಿ ಹತ್ತು ದಿನದಲ್ಲಿ ಕಟ್ಟಿದ್ದರು. ಬೇಕಾದ್ದಷ್ಟನ್ನೇ ಸರ್ವರಿನಿಂದ ಗುಟ್ಟಾಗಿ ತರಿಸುವ ಸೌಲಭ್ಯ 1999ರಲ್ಲೇ ಮೈಕ್ರೋಸಾಫ್ಟಿನ ಬ್ರೌಸರಿನಲ್ಲಿತ್ತು. ಎರಡನ್ನೂ ಕೂಡಿಸಿದರೆ ಏನಾಗುತ್ತದೆಂಬುದನ್ನು ಜನ ಕಂಡದ್ದು 2004ರ ಜೀಮೇಲಿನಲ್ಲಿ, 2005ರ ನಕಾಶೆಯಲ್ಲಿ. ಆ ವರ್ಷ ಫೆಬ್ರವರಿಯಲ್ಲಿ ಜೆಸ್ಸಿ ಜೇಮ್ಸ್ ಗ್ಯಾರೆಟ್ ಈ ಕೂಡಿಕೆಗೆ ಅಜಾಕ್ಸ್ ಎಂದು ಹೆಸರಿಟ್ಟರು. ಜಾಲ ಓದುವ ವಸ್ತುವಿನಿಂದ ಬಳಸುವ ವಸ್ತುವಾದದ್ದು ಹೀಗೆ. ಸಾಮಾನ್ಯವಾಗಿ ಕತೆಯನ್ನು ಇಲ್ಲಿಗೆ ಮುಗಿಸುತ್ತಾರೆ.

ನಮ್ಮ ಕತೆ ಇಲ್ಲಿಗೆ ಮುಗಿಯುವುದಿಲ್ಲ. ಪ್ಲೈವುಡ್ಡಿನ ಗೂಡಿನಲ್ಲಿ ಕೂತ ಹುಡುಗನ ಪರದೆಯಲ್ಲಿ ಎಲ್ಲ ಇದೆ, ಅವನ ಅಕ್ಷರ ಇಲ್ಲ. ಬರೆಯುವ ಚೌಕ ತೆರೆದು ಕುಳಿತಿದೆ, ಅದರೊಳಗೆ ಕನ್ನಡ ಇಳಿಯುವುದಿಲ್ಲ. ನನ್ನ ಮಟ್ಟಿಗೆ ಕನ್ನಡಿಗರ ಪಾಲಿನ ನಿಜವಾದ ತಿರುವು ಅಜಾಕ್ಸೂ ಅಲ್ಲ, ಆರ್ಕುಟ್ಟೂ ಅಲ್ಲ, ಯೂನಿಕೋಡ್.

ಟೊಪ್ಪಿ ಹಾಕಿದ ಎಗಳ ಗುಟ್ಟು ಇದು. ಹಳೆಯ ಫಾಂಟುಗಳಲ್ಲಿ ಕಂಪ್ಯೂಟರಿನ ಪಾಲಿಗೆ ಕನ್ನಡವೇ ಇರಲಿಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸ್ಥಾನಗಳಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದರು. ಕಣ್ಣಿಗೆ 'ಬಿಜೂರು', ಯಂತ್ರಕ್ಕೆ ಅರ್ಥವಿಲ್ಲದ ಚಿಹ್ನೆಗಳ ಸಾಲು. ಫಾಂಟು ಬದಲಾದರೆ ಆ ಸಾಲೂ ಬದಲು. ಆದ್ದರಿಂದ ಹುಡುಕಲಾಗದು, ಅಕಾರಾದಿಯಾಗಿ ಜೋಡಿಸಲಾಗದು, ಒಂದು ಚೌಕದಲ್ಲಿ ಬರೆದು ಇನ್ನೊಬ್ಬರಿಗೆ ಕಳಿಸಿದರೆ ಅವರಲ್ಲಿ ಅದೇ ಫಾಂಟು ಇಲ್ಲದಿದ್ದರೆ ಮತ್ತೆ ಟೊಪ್ಪಿಗಳ ಸಂತೆ. ಯೂನಿಕೋಡ್ ಕನ್ನಡಕ್ಕೆಂದೇ 128 ಸ್ಥಾನಗಳನ್ನು ಕಾದಿರಿಸಿದೆ. ಅದರ ಪ್ರಕಾರ ಬಿಜೂರು ಎಂದರೆ ಆರು ಸಂಕೇತ: ಬ, ಇಕಾರದ ಗುಣಿತ, ಜ, ಊಕಾರದ ಗುಣಿತ, ರ, ಉಕಾರದ ಗುಣಿತ. ಬೈಂದೂರಿನಲ್ಲಿ ಒತ್ತಿದರೂ ಬಹರೈನಿನಲ್ಲಿ ತೆರೆದರೂ ಅದೇ ಆರು.

ಈ ಹಾದಿಗೆ ಮಣ್ಣು ಹೊತ್ತವರಲ್ಲಿ ನಮ್ಮ ಕರಾವಳಿಯವರೇ ಒಬ್ಬರಿದ್ದಾರೆ. ಕಿನ್ನಿಕಂಬಳದ ಕೆ. ಪಿ. ರಾವ್, ಮಣಿಪಾಲದಲ್ಲಿ ನೆಲೆಸಿದವರು. ಕನ್ನಡದ ಸುಮಾರು ಐವತ್ತು ಅಕ್ಷರ, ಅವುಗಳ ಕಾಗುಣಿತ, ಒತ್ತು ಎಲ್ಲವನ್ನೂ ಇಪ್ಪತ್ತಾರು ಇಂಗ್ಲಿಷ್ ಕೀಲಿಗಳಲ್ಲಿ ಹಿಡಿಸುವುದು ಹೇಗೆಂಬ ಪ್ರಶ್ನೆಗೆ ಅವರು ಹಿಡಿದದ್ದು ಆಕಾರದ ದಾರಿಯನ್ನಲ್ಲ, ಉಚ್ಚಾರದ ದಾರಿಯನ್ನು: ವ್ಯಂಜನಕ್ಕೊಂದು ಕೀಲಿ, ಸ್ವರಕ್ಕೊಂದು ಕೀಲಿ, ಕೂಡಿದರೆ ಗುಣಿತ, ಎರಡು ವ್ಯಂಜನಗಳ ನಡುವೆ ಕೊಂಡಿಯ ಕೀಲಿ ಒತ್ತಿದರೆ ಒತ್ತು. ಕಾಗುಣಿತ ಕಲಿತವರಿಗೆ ಅರ್ಧ ಗಂಟೆಯಲ್ಲಿ ಕೈಗೆ ಹತ್ತುವ ಲೆಕ್ಕ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶಕ್ಕೆ ಬಂದದ್ದು ಈ ವಿನ್ಯಾಸವೇ. ಶೇಷಾದ್ರಿವಾಸು ಅವರ ಬರಹ ತಂತ್ರಾಂಶ ಹೊರಬಂದದ್ದು 1998ರ ಜನವರಿಯಲ್ಲಿ, ಕೊಂಕಣ ರೈಲು ಪೂರ್ತಿ ಓಡತೊಡಗಿದ ಅದೇ ತಿಂಗಳು. ರೈಲಿಗೆ ಹಾರ ಹಾಕಿದೆವು. ಬರಹಕ್ಕೆ ಹಾಕಲಿಲ್ಲ, ಅದು ಯಾರಿಗೂ ಗೊತ್ತೇ ಇರಲಿಲ್ಲ.

ಯೂನಿಕೋಡ್ ಕನ್ನಡ 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಫಾಂಟಿನೊಂದಿಗೆ ಬಂದಿತ್ತು, ಆದರೆ ನಿದ್ದೆ ಮಾಡುತ್ತಿತ್ತು. ಸೆಟ್ಟಿಂಗಿನಲ್ಲಿ ಹೋಗಿ ಒಂದು ಗುರುತು ಹಾಕಿ, ವಿಂಡೋಸಿನ ಸಿಡಿ ತುರುಕಿದರೆ ಮಾತ್ರ ಎದ್ದೇಳುವುದು. ಸೈಬರಿನವನನ್ನು ಸಿಡಿ ಕೇಳಿ ನೋಡಿ. "ಯಾವ ಸಿಡಿ ಸಾರ್?"

ಹೇಗೋ ಒಂದು ದಿನ ಆ ಯಂತ್ರದಲ್ಲಿ ಕನ್ನಡ ಎದ್ದಿದೆ. ನೀವು ಕನ್ನಡ ವಿಕಿಪೀಡಿಯ ತೆರೆಯುತ್ತೀರಿ. 2003ರ ಜೂನ್‌ನಲ್ಲಿ ಶುರುವಾದದ್ದು, ಲೇಖನಗಳು ಇನ್ನೂ ಕಡಿಮೆ. ಪುಟದ ಮೇಲ್ಭಾಗದಲ್ಲಿ 'ಸಂಪಾದಿಸಿ' ಎಂಬ ಕೊಂಡಿ. ಒತ್ತಿದರೆ ಅಚ್ಚಾದ ಪುಟದ ಒಳಹೊಟ್ಟೆ ತೆರೆದುಕೊಳ್ಳುತ್ತದೆ, ಸಾಲು ಸಾಲಾಗಿ, ತಿದ್ದಲು ಸಿದ್ಧವಾಗಿ. ಯಾರ ಅನುಮತಿಯೂ ಬೇಡವೇ? ಬೇಡ. ಒಂದು ಊರಿನ ಹೆಸರಿನ ಕಾಗುಣಿತ ತಪ್ಪಿದೆ, ತಿದ್ದಿ ಉಳಿಸುತ್ತೀರಿ. ಪುಟ ಮತ್ತೆ ಬಂದಾಗ ನಿಮ್ಮ ತಿದ್ದುಪಡಿ ಅಲ್ಲಿದೆ, ಲೋಕಕ್ಕೆಲ್ಲ ಕಾಣುವಂತೆ. ಸರ್ನ್‌ನ ಆ ಮೊದಲ ಬ್ರೌಸರಿನಲ್ಲಿದ್ದು ಮೊಸಾಯಿಕ್‌ನಲ್ಲಿ ಕಳೆದುಹೋದ ಅರ್ಧಾಂಶ ಮರಳಿ ಸಿಕ್ಕಿದ್ದು ಇಲ್ಲಿ, ಅದೂ ಕನ್ನಡದಲ್ಲಿ. 2005ರಲ್ಲಿ ಹರಿಪ್ರಸಾದ್ ನಾಡಿಗ್ ಕಟ್ಟಿದ 'ಸಂಪದ'ದಲ್ಲಂತೂ ಬರೆಯುವವರೂ ಓದುವವರೂ ಉತ್ತರ ಕೊಡುವವರೂ ಒಂದೇ ಜಗಲಿಯಲ್ಲಿ ಕೂತಿದ್ದರು, ಕನ್ನಡ ಲಿಪಿಯಲ್ಲಿ. ಸೈಬರಿನವನು ಗೂಡಿನ ಬಾಗಿಲು ತಟ್ಟುತ್ತಾನೆ, ಟೈಮಾಯಿತು.

* * *

2019ರ ಆಷಾಢ ಅಮಾವಾಸ್ಯೆ. ನಮ್ಮ ಮಾತಿನಲ್ಲಿ ಆಸಾಡಿ ಅಮಾಸಿ. ಬಿಜೂರಿನಲ್ಲಿ ಮಳೆ ಬಿಟ್ಟುಬಿಟ್ಟು ಹೊಯ್ಯುತ್ತಿದೆ. ಬೆಳಗಿನ ಹೊತ್ತು ಕಹಿ ಕಷಾಯ ಕುಡಿದು ಮುಖ ಸಿಂಡರಿಸಿಕೊಂಡಿದ್ದೀರಿ. ಮರವಂತೆಯ ವರಾಹಸ್ವಾಮಿ ದೇವಸ್ಥಾನದಲ್ಲಿ ಜಾತ್ರೆ. ಸಮುದ್ರ ಸ್ನಾನಕ್ಕೆ ಹೊರಟವರು ರಸ್ತೆಯಲ್ಲಿ ಕೊಡೆ ಹಿಡಿದು ನಿಂತಿದ್ದಾರೆ. ಈಗ ರಸ್ತೆ 66ನೇ ನಂಬರಿನದು, ನಾಲ್ಕು ಪಥ. ಬೈಂದೂರು ತಾಲೂಕಾಗಿದೆ. ನಿಮ್ಮ ಕೈಯಲ್ಲಿ ಫೋನು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಡೇಟಾ ಲೆಕ್ಕ ಹಾಕುವುದನ್ನು ಮನೆಯಲ್ಲಿ ಯಾರೂ ಮಾಡುತ್ತಿಲ್ಲ.

ಫೋನು ಬೆಳಗಿನಿಂದ ನಿಂತಿಲ್ಲ. ಇವತ್ತು ಮೊದಲ ವಿಶ್ವ ಕುಂದಾಪ್ರ ಕನ್ನಡ ದಿನ. ಇದಕ್ಕೆ ಸರಕಾರದ ಆದೇಶವಿರಲಿಲ್ಲ. ಫೇಸ್‌ಬುಕ್ಕು, ವಾಟ್ಸಾಪಿನಲ್ಲಿ ಸುದ್ದಿ ಹಬ್ಬಿ ದಿನ ನಿಂತಿತು. ಬೆಂಗಳೂರಿನಿಂದ ಒಬ್ಬರು ಗಾದೆ ಕಳಿಸಿದ್ದಾರೆ, ದುಬೈಯಿಂದ ಒಬ್ಬರು ತಮ್ಮ ಅಜ್ಜಿ ಹೇಳುತ್ತಿದ್ದ ಒಗಟನ್ನು ಧ್ವನಿಯಲ್ಲೇ ಕಳಿಸಿದ್ದಾರೆ. ಯಾರೋ ಹಾಕಿದ ವೀಡಿಯೊದಲ್ಲಿ ಪತ್ರೊಡೆ ಬೇಯುತ್ತಿದೆ. "ಎಲ್ಲರೂ ಸೌಖ್ಯವೇ?" ಎಂದು ಪಠ್ಯಪುಸ್ತಕದ ಕನ್ನಡದಲ್ಲಿ ಕೇಳಿದವರಿಗೆ ಹತ್ತು ಜನ ಕೂಡಿ ಗದರಿದರು: "ಇವತ್ತಾರೂ ಸಮಾ ಮಾತಾಡಿ ಮಾರ್ರೆ!"

ಇಲ್ಲಿ ಒಂದು ಸಣ್ಣ ಸಂಗತಿ ನೋಡಿ. ಕುಂದಾಪ್ರ ಕನ್ನಡಕ್ಕೆ ಬರಹದ ರೂಢಿ ಕಡಿಮೆ. ಮಾತಿನ ಕೊನೆಯ ಸ್ವರ ನುಂಗುವ ಭಾಷೆ ಇದು. 'ಹೋಗಬೇಕು' ಎಂಬುದು 'ಹೋಯ್ಕ್' ಆದಾಗ ಅದನ್ನು ಹೀಗೇ ಬರೆಯಬೇಕೆಂದು ಹೇಳಿದ ನಿಘಂಟು ನಮ್ಮ ಶಾಲೆಯಲ್ಲಿ ಇರಲಿಲ್ಲ. ಆದರೆ ಉತ್ತರ ಕೊಡುವ ಚೌಕ ಎದುರಿಗಿದೆ, ಕೀಲಿಯಲ್ಲಿ ಕನ್ನಡ ಇದೆ, ಓದುವವರು ನಮ್ಮವರೇ. ಜನ ಬರೆದೇಬಿಟ್ಟರು. ಒಬ್ಬರದು ಒಂದು ಕಾಗುಣಿತ, ಇನ್ನೊಬ್ಬರದು ಇನ್ನೊಂದು. ಫೋನಿನ ಕೀಬೋರ್ಡು ನಡುವೆ ಬಂದು ತಿದ್ದಲು ನೋಡುತ್ತದೆ, ಅದನ್ನು ಅಳಿಸಿ ಮತ್ತೆ ಬರೆಯುತ್ತೀರಿ. ಅಚ್ಚಿನ ಮನೆ ನೂರು ವರ್ಷದಲ್ಲಿ ಅಷ್ಟಾಗಿ ಮಾಡದ್ದನ್ನು ವಾಟ್ಸಾಪಿನ ಮಾತುಕತೆ ಹತ್ತು ವರ್ಷದಲ್ಲಿ ಮಾಡಿತು. ಇದನ್ನು ಒಪ್ಪಿಕೊಳ್ಳಲು ನನ್ನಂಥ ಪುಸ್ತಕದವರಿಗೆ ಸ್ವಲ್ಪ ಕಷ್ಟ, ಆದರೂ ಸತ್ಯ.

ರಾತ್ರಿ ಯೂಟ್ಯೂಬಿನಲ್ಲಿ ಯಕ್ಷಗಾನದ ಹಳೆಯ ಹರಕೆ ಆಟದ ವೀಡಿಯೊ. ಭಾಗವತರ ಪದ ಮುಗಿಯುವ ಮೊದಲೇ ಕೆಳಗೆ ಇನ್ನೊಂದು ಆಟ, ಅದರ ಕೆಳಗೆ ಹಾಸ್ಯದ ತುಣುಕು, ಅದರ ಕೆಳಗೆ ಯಾವುದೋ ಜಾಹೀರಾತು. ಬೆರಳು ಎಳೆದಷ್ಟೂ ಬರುತ್ತದೆ. ಬೈಂದೂರಿನ ಆ ಪುಟಕ್ಕೆ ಒಂದು ಅಡಿ ಇತ್ತು, ಅಲ್ಲಿ ಸಂಪಾದಕರ ವಿಳಾಸ ಇತ್ತು. ಇದಕ್ಕೆ ಅಡಿಯೇ ಇಲ್ಲ. ಪಕ್ಕದಲ್ಲಿ ಮಗಳ ಫೋನಿನಲ್ಲಿ ಅದೇ ತಾಣ ತೆರೆದಿದೆ, ಆದರೆ ಅಲ್ಲಿ ಬೇರೆಯದೇ ಪಟ್ಟಿ. ಒಂದೇ ಜಗಲಿಯಲ್ಲಿ ಕೂತು ಒಂದೇ ವಿಳಾಸಕ್ಕೆ ಹೋದ ಇಬ್ಬರಿಗೆ ಎರಡು ಪುಟ. ನಿಮಗೆಂದೇ ತಯಾರಾಗುವ ಹಾಳೆಯ ಕಷ್ಟ ಇದೇ: ಯಾರು ತಯಾರಿಸಿದರು, ಯಾಕೆ ಇದನ್ನೇ ಮೇಲಿಟ್ಟರು ಎಂದು ಕೇಳಲು, ತಾಲೂಕು ಕಚೇರಿಯಲ್ಲಿದ್ದ ಹಾಗೆ ನಮ್ಮ ಕಡೆಗೆ ತಿರುಗಿದ ಎರಡನೇ ಪರದೆ ಇಲ್ಲ.

* * *

2020ರ ಮೇ. ಇದನ್ನು ಚುಟುಕಾಗಿ ನೋಡಿ ಮುಂದೆ ಹೋಗೋಣ, ಹೆಚ್ಚು ಹೊತ್ತು ನಿಲ್ಲಲು ಮನಸ್ಸಾಗದ ಜಾಗ. ಕೊರೊನಾ ಲಾಕ್‌ಡೌನಿನಿಂದ ಮುಂಬೈಯ ಹೋಟೆಲುಗಳು ಮುಚ್ಚಿವೆ, ಊರಿಗೆ ಬರಬೇಕು. ಬರಬೇಕೆಂದರೆ ಸೇವಾ ಸಿಂಧು ತಾಣದಲ್ಲಿ ಹೆಸರು, ಆಧಾರ್, ಹೊರಡುವ ಜಾಗ, ಸೇರುವ ಜಾಗ ತುಂಬಿಸಿ ಪಾಸು ಪಡೆಯಬೇಕು. ಅಂಧೇರಿಯ ಕೋಣೆಯಲ್ಲಿ ಐದಾರು ಹುಡುಗರು ಒಂದು ಫೋನಿನ ಸುತ್ತ ಕೂತಿದ್ದಾರೆ. 'ಗ್ರಾಮ' ಎಂಬ ಚೌಕದಲ್ಲಿ ಬಿಜೂರು ಆಯ್ಕೆ ಮಾಡುತ್ತಾರೆ. ಒಟಿಪಿ ಬಂತು. ಸುತ್ತುತ್ತಿದೆ, ಸುತ್ತುತ್ತಿದೆ. ಮತ್ತೆ ಮೊದಲಿನಿಂದ. ಇತ್ತ ಬಿಜೂರಿನಲ್ಲಿ ಅಬ್ಬಿ (ತಾಯಿ) ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಾರೆ, "ಪಾಸ್ ಆಯ್ತಾ ಮಗಾ?" ಪಾಸಾದವರು ಬಸ್ಸು ಹತ್ತಿ ಬಂದರು, ಶಾಲೆಗಳಲ್ಲಿ ಕ್ವಾರಂಟೈನ್ ಕಳೆದರು, ಆ ಬೇಸಿಗೆ ಉಡುಪಿ ಜಿಲ್ಲೆಯ ಸೋಂಕಿನ ಲೆಕ್ಕದಲ್ಲಿ ಮಹಾರಾಷ್ಟ್ರದಿಂದ ಬಂದವರದೇ ದೊಡ್ಡ ಪಾಲು. ಪುಟ ಒಂದು ಕಾಲಕ್ಕೆ ಓದುವ ವಸ್ತುವಾಗಿತ್ತು. ಈಗ ಅದೇ ಗೇಟು. ತೆರೆದರೆ ಮನೆ, ತೆರೆಯದಿದ್ದರೆ ಇಲ್ಲ.

* * *

ಇವತ್ತು ಬಿಜೂರಿನಲ್ಲಿ ಆರ್‌ಟಿಸಿ ನೋಡಲು ಕುಂದಾಪುರದ ಬಸ್ಸು ಹತ್ತಬೇಕಿಲ್ಲ, ರೈಲಿನ ಟಿಕೆಟ್ಟಿಗೆ ಸ್ಟೇಷನ್ನಿನ ಕಿಟಕಿ ಬೇಡ, ಮೀನಿನ ದುಡ್ಡೂ ಫೋನಿನಲ್ಲೇ ಹೋಗುತ್ತದೆ. ಇವೆಲ್ಲ ಗೊತ್ತಿದ್ದದ್ದೇ. ನೀವು ಈಗ ಇನ್ನೊಂದು ಕೆಲಸ ಮಾಡಿ. ಆರ್ಕುಟ್ಟಿನ ಆ ಊರಿನ ಕಮ್ಯುನಿಟಿಯನ್ನು ಹುಡುಕಿ, ಕೊಡಿಹಬ್ಬಕ್ಕೆ ಬರುತ್ತೇನೆಂದು ಬರೆದ ಸ್ಕ್ರ್ಯಾಪನ್ನು ಹುಡುಕಿ. ಸಿಗುವುದಿಲ್ಲ. ಗೂಗಲ್ ಅದನ್ನು 2014ರ ಸೆಪ್ಟೆಂಬರ್ 30ರಂದು ಮುಚ್ಚಿತು. ನಿಮ್ಮ ಬರಹ, ಫೋಟೋ ಇಳಿಸಿಕೊಳ್ಳಿ ಎಂದು 2016ರವರೆಗೆ ಕಾಲಾವಕಾಶವನ್ನೂ ಕೊಟ್ಟಿತ್ತು. ಎಷ್ಟು ಜನ ಇಳಿಸಿಕೊಂಡೆವು? ಅದಕ್ಕೂ ಮೊದಲು, 2009ರ ಅಕ್ಟೋಬರಿನಲ್ಲಿ, ಜನ ಪುಕ್ಕಟೆಯಾಗಿ ಕಟ್ಟಿಕೊಂಡಿದ್ದ ಲಕ್ಷಾಂತರ ಪುಟಗಳ ಜಿಯೋಸಿಟೀಸನ್ನು ಯಾಹೂ ಮುಚ್ಚಿತ್ತು. ಬಾಯಿ ಇಲ್ಲದ ಹಳೆಯ ಪುಟಗಳಿಗೆ ಒಂದು ಗುಣವಿತ್ತು. ಕಡತವಾದ್ದರಿಂದ ಯಾರು ಬೇಕಾದರೂ ನಕಲು ಮಾಡಿ ಇಡಬಹುದಿತ್ತು. 1996ರಲ್ಲಿ ಬ್ರೂಸ್ಟರ್ ಕೇಲ್ ಶುರು ಮಾಡಿದ ಇಂಟರ್‌ನೆಟ್ ಆರ್ಕೈವ್ ಅಂಥ ನಕಲುಗಳನ್ನು ಇವತ್ತಿಗೂ ತೋರಿಸುತ್ತದೆ. ಬೀಗ ಹಾಕಿದ ಗುಂಪುಗಳೊಳಗಿನ ಮಾತುಕತೆಗೆ ಅಂಥ ನಕಲು ಎಲ್ಲೂ ಇಲ್ಲ. ಮಾತಾಡುವ ಶಕ್ತಿ ನಮಗೆ ಸಿಕ್ಕಿತು, ಮಾತು ಇಟ್ಟ ಕಪಾಟಿನ ಕೀಲಿ ಸಿಗಲಿಲ್ಲ. ಈ ವ್ಯಾಪಾರದಲ್ಲಿ ನಮಗೆ ನಷ್ಟವಾಗಿದೆ ಎಂದೇ ನನ್ನ ತೀರ್ಮಾನ, ಮಾತಾಡುವ ಸುಖದಲ್ಲಿ ಅದು ಗೊತ್ತಾಗುತ್ತಿಲ್ಲ ಅಷ್ಟೇ.

ಆದ್ದರಿಂದ ಊರಿನ ಗ್ರೂಪಿನಲ್ಲಿ ಇರುವವರಲ್ಲಿ ಒಂದು ಕೋರಿಕೆ. ಆಸಾಡಿ ಅಮಾಸಿಯಂದು ಬಂದ ಗಾದೆ, ಒಗಟು, ಅಜ್ಜಿಯ ಧ್ವನಿ, ಹಳೆಯ ಶಾಲೆಯ ಫೋಟೋ, ಇವನ್ನು ಗ್ರೂಪಿನಲ್ಲೇ ಬಿಡಬೇಡಿ. ಚಾಟನ್ನು ರಫ್ತು ಮಾಡುವ ಆಯ್ಕೆ ವಾಟ್ಸಾಪಿನಲ್ಲೇ ಇದೆ, ನಿಮ್ಮ ಮಾಹಿತಿಯನ್ನು ಇಳಿಸಿಕೊಳ್ಳುವ ಆಯ್ಕೆ ಫೇಸ್‌ಬುಕ್ಕಿನಲ್ಲೂ ಇದೆ. ಕಳಿಸಿದವರನ್ನು ಕೇಳಿ, ಒಪ್ಪಿದ್ದನ್ನು ಎರಡು ಕಡೆ ಉಳಿಸಿ. ಬಿಜೂರಿನ ಬಗ್ಗೆ ಖಚಿತವಾಗಿ ಗೊತ್ತಿರುವುದನ್ನು, ಆಧಾರ ಸಮೇತ, ಕನ್ನಡ ವಿಕಿಪೀಡಿಯದಲ್ಲಿ ಬರೆಯಿರಿ. 'ಸಂಪಾದಿಸಿ' ಕೊಂಡಿ ಇವತ್ತೂ ಅಲ್ಲಿ ಮೇಲ್ಭಾಗದಲ್ಲೇ ಇದೆ, ಇವತ್ತೂ ಯಾರ ಅನುಮತಿಯೂ ಬೇಡ.